ಕೆಟಲಿನ ಹೊಟ್ಟೆಯೊಳಗಿನ ಮನೆ

ನಮ್ಮ ಮನೆಗೆ ಸೊಸೆಯಾಗಿ ಬರುವ ಮುಂಚೆ ಆ ಹುಡುಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ರೂಮಿಗೆ ಒಳಗಿನಿಂದ ಚಿಲಕ ಇದೆಯಾ?"

ಕೂತವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಹುಡುಗನ ಸಂಬಳ, ಸ್ವಭಾವ, ಕುಡಿತ ಗಿಡಿತ ಕೇಳುವುದು ಬಿಟ್ಟು ಚಿಲಕ ಕೇಳುತ್ತಾಳಲ್ಲ ಈ ಹುಡುಗಿ ಅಂತ. ಆಮೇಲೆ ತಿಳಿಯಿತು. ಅವಳು ಬೆಳೆದದ್ದು ಒಂದೇ ಕೋಣೆಯ ಮನೆಯಲ್ಲಿ. ಅಪ್ಪ, ಅಮ್ಮ, ಅಕ್ಕತಂಗಿಯರು, ಒಬ್ಬ ಚಿಕ್ಕಪ್ಪ, ಹೊಲಿಗೆ ಮೆಷಿನ್ನು, ಎಲ್ಲ ಅದರೊಳಗೇ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ನನ್ನ ಜೊತೆ ಬಟಾಣಿ ಸುಲಿಯುತ್ತಾ ಹೇಳಿದಳು.

"ನಾನು ಹುಟ್ಟಿದಾಗಿನಿಂದ ಒಬ್ಬಳೇ ಕೂತು ಅತ್ತಿಲ್ಲ ಅತ್ತೆ. ಕಣ್ಣಲ್ಲಿ ನೀರು ಬಂದ್ರೆ ಸಾಕು, ಯಾರಾದ್ರೂ ಒಬ್ರು ಯಾಕೆ ಅಂತ ಕೇಳೋರು. ಕಾರಣ ಹೇಳೋಷ್ಟರಲ್ಲಿ ಅಳು ನಿಂತೇ ಹೋಗೋದು."

"ಈಗ ಅಳೋಕೆ ರೂಮ್ ಬೇಕಾ ನಿಂಗೆ?" ಎಂದೆ.

"ನಗೋಕೂ ಬೇಕು" ಎಂದಳು.

ನಮ್ಮದೂ ಅರಮನೆಯೇನಲ್ಲ. ಬೀದಿ ಕಡೆಗೆ ನಡುಮನೆ, ಅದರ ಒಂದು ಮಗ್ಗುಲಿಗೆ ಅಡುಗೆಮನೆ, ಎದುರು ಮಗ್ಗುಲಿಗೆ ಕಿಟಕಿಯಿಲ್ಲದ ಒಂದು ಕೋಣೆ, ಹಿಂದೆ ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲು. ಕೋಣೆಗೆ ಹಿತ್ತಾಳೆಯ ಚಿಲಕವಿತ್ತು. ಹಾಕಿದರೆ ಟಕ್ ಎನ್ನುವುದು. ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು, ಜನರ ಕೆಮ್ಮು ನೆಗಡಿ ಎಲ್ಲ ಕೇಳಿಸಿಕೊಂಡು ಬಂದು, ಕೈಕಾಲು ತೊಳೆದು ಆ ಕೋಣೆಗೆ ಹೋಗಿ ಟಕ್ ಅನ್ನಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಮುಖ ಬೇರೆಯೇ ಇರುತ್ತಿತ್ತು. ಒಳಗೆ ಏನು ಮಾಡುತ್ತಿದ್ದಳೋ, ನಾನು ಕೇಳಿದವಳಲ್ಲ.

ಮಗ ಪೇಟೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದ. ಅದರ ಮಾಲೀಕರು ವಯಸ್ಸಾಯಿತೆಂದು ಬಾಗಿಲು ಹಾಕಿದರು. ಹಳೆಯ ಕ್ಯಾಮೆರಾ ಇವನಿಗೆ ಕೊಟ್ಟರು, ದೀಪಗಳನ್ನು ಯಾರಿಗೋ ಮಾರಿಬಿಟ್ಟರು. ಕೆಲಸವಿಲ್ಲದೆ ತಿರುಗುತ್ತಿದ್ದವನು ಒಂದು ದಿನ ಫಳಫಳ ಹೊಳೆಯುವ ಸ್ಟೀಲ್ ಕೆಟಲ್ ಒಂದನ್ನು ಕಂಕುಳಲ್ಲಿಟ್ಟುಕೊಂಡು ಊಟದ ಹೊತ್ತಿಗೆ ಬಂದ.

"ಪಾತ್ರೆ ಅಂಗಡಿ ಯಜಮಾನರು ಕೊಟ್ರು. ಅವರ ಸಾಮಾನಿಗೆಲ್ಲ ಫೋಟೋ ಪುಸ್ತಕ ಮಾಡಿಸ್ತಾರಂತೆ. ಮೊದಲು ಈ ಕೆಟಲ್ ತೆಗೆದು ತೋರಿಸು, ಚೆನ್ನಾಗಿ ಬಂದ್ರೆ ಇಡೀ ಅಂಗಡಿ ನಿಂದೇ ಅಂದ್ರು."

"ಎಲ್ಲಿ ತೆಗೀತೀಯ?" ಎಂದು ಇವರು ಕೇಳಿದರು. ಇವರು ಎಂದರೆ ನನ್ನ ಯಜಮಾನರು. ಮನೆ ಮನೆಗೆ ಹೋಗಿ ಕರೆಂಟು ಮೀಟರ್ ಓದುವ ಕೆಲಸದಿಂದ ನಿವೃತ್ತರಾದವರು. ಈಗ ಓದಲು ಉಳಿದಿರುವುದು ನಮ್ಮ ಮನೆಯ ಮೀಟರ್ ಒಂದೇ.

"ಮನೇಲೇ ಅಪ್ಪ. ನಮ್ಮ ರೂಮಲ್ಲಿ."

ಸೊಸೆ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಕೈ ನಿಂತಿತು.

"ಯಾವ ರೂಮಲ್ಲಿ?"

"ಇರೋದೇ ಒಂದಲ್ವಾ? ಕಿಟಕಿ ಇಲ್ಲ, ಹೊರಗಿನ ಬೆಳಕು ಬರಲ್ಲ, ಯಾರೂ ಓಡಾಡಲ್ಲ. ಸ್ಟುಡಿಯೋಗೆ ಹೇಳಿ ಮಾಡಿಸಿದ ಹಾಗಿದೆ."

"ಮತ್ತೆ ನಾನು?"

"ಸ್ವಲ್ಪ ದಿನ ನಡುಮನೇಲಿ ಅಮ್ಮನ ಜೊತೆ ಇರು. ಈ ಕೆಲಸ ಸಿಕ್ಕಿದ್ರೆ ಬೇರೆ ಜಾಗ ಹಿಡೀತೀನಿ."

"ಸಿಗದಿದ್ರೆ?"

"ಸಿಗದಿದ್ರೆ ಈಗ ಕೊಳ್ಳೋ ದೀಪ ಗೀಪ ಮಾರಿ ಅಪ್ಪ ಹೇಳ್ತಿದ್ದ ಟೈಲ್ಸ್ ಅಂಗಡಿಗೆ ಹೋಗ್ತೀನಿ. ರೂಮು ನಿಂದೇ."

"ಅಂದ್ರೆ ನೀವು ಸೋತ್ರೇ ನಂಗೆ ಬೇಗ ಸಿಗುತ್ತೆ ಅನ್ನಿ" ಎಂದು ಸೊಸೆ ನಕ್ಕಳು. ನಗುತ್ತಾ ಹೇಳಿದ್ದರಿಂದ ನಾವೂ ನಕ್ಕು ಮೊಟ್ಟೆ ತಿಂದೆವು.

ದೀಪ ಕೊಳ್ಳಲು ಮಗ ನನ್ನನ್ನು ಕರೆದುಕೊಂಡು ಹೋದ. ಅಮ್ಮನ ಮೇಲೆ ಪ್ರೀತಿ ಉಕ್ಕಿ ಏನಲ್ಲ, ಹಣ ನನ್ನದು. ನಾನು ಅರ್ಧ ಆಯಸ್ಸು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕಳೆದವಳು. ಅಲ್ಲಿಂದ ಬಂದದ್ದರಲ್ಲಿ ಸ್ವಲ್ಪ ಉಳಿಸಿಟ್ಟಿದ್ದೆ.

ಲೈಟಂಗಡಿಯವನು ಒಂದೊಂದಾಗಿ ಹಚ್ಚಿ ತೋರಿಸಿದ. ಬಳೆಯಂತೆ ದುಂಡಗಿರುವ ದೀಪ, ಹಲಗೆಯಂತಿರುವ ದೀಪ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಳ್ಳೆಂದು ಹೊಡೆದು ಆರಿಹೋಗುವ ದೀಪ.

"ಈ ದುಂಡಗಿನದು ತಗೊಳ್ಳಿ ಸರ್. ಈಗೆಲ್ಲಾ ಎಲ್ಲರೂ ಇದನ್ನೇ ತಗೊಳ್ಳೋದು."

"ಎಲ್ಲರೂ ಮುಖ ತೆಗೀತಾರೆ, ನಾನು ಕೆಟಲ್ ತೆಗೀಬೇಕು" ಎಂದ ಮಗ. "ಕೆಟಲ್ ಮೇಲೆ ಬಳೆ ಬಂದು ಕೂರುತ್ತೆ."

ನಾನು ದೀಪದ ಮುಂದೆ ಕೈ ಚಾಚಿ ನೆರಳು ನೋಡಿದೆ. ಗೋಡೆಯ ಮೇಲೆ ಐದು ಬೆರಳೂ ಕತ್ತರಿಸಿ ಅಂಟಿಸಿದ ಹಾಗೆ ಬಿದ್ದವು.

"ತುಂಬಾ ಒರಟು ಕಣೋ ಇದರ ಬೆಳಕು."

"ಚಿಕ್ಕ ದೀಪ ಒರಟಮ್ಮ. ದೀಪ ದೊಡ್ಡದಾದಷ್ಟೂ ಬೆಳಕು ಮೆತ್ತಗೆ. ಅದಕ್ಕೇ ಮುಂದೆ ದೊಡ್ಡ ಬಿಳಿ ಬಟ್ಟೆ ಇಡೋದು. ಆಗ ದೀಪ ಬೆಳಗಲ್ಲ, ಬಟ್ಟೆ ಬೆಳಗುತ್ತೆ."

ಇದು ನನಗೆ ಹೊಸದೇ? ಆಸ್ಪತ್ರೆಯ ತಾರಸಿಯ ಮೇಲೆ ಸಾಲು ಸಾಲು ಬೆಡ್‌ಶೀಟ್ ಒಣಗುತ್ತಿದ್ದವು. ಅವುಗಳ ನಡುವೆ ನಡೆದರೆ ಬಿಸಿಲು ಸೋಸಿಕೊಂಡು ಬರುತ್ತಿತ್ತು, ನೆರಳೇ ಇರುತ್ತಿರಲಿಲ್ಲ, ಯಾವ ಕಡೆ ತಿರುಗಿದರೂ ಬೆಳಕು. ಗಾಳಿ ಬೀಸಿದಾಗ ಬೆಳಕೇ ಉಸಿರಾಡಿದ ಹಾಗೆ ಆಗುತ್ತಿತ್ತು. ಅಲ್ಲಿ ನಿಂತಾಗ ಒಗೆಯುವ ಹೆಂಗಸರೆಲ್ಲ ಎಷ್ಟು ಚಂದ ಕಾಣುತ್ತಿದ್ದೆವು! ಮೆಟ್ಟಿಲಿಳಿದು ಕೆಳಗೆ ಬಂದರೆ ಮತ್ತೆ ಹಳೆಯ ಮೋರೆಗಳೇ.

ಕೊನೆಗೆ ಎರಡು ದೀಪ, ಎರಡು ಸ್ಟ್ಯಾಂಡ್, ಒಂದು ದೀಪಕ್ಕೆ ಬೆಳಕು ಸೋಸುವ ಬಿಳಿ ಕೊಡೆ ಅಂತ ಆಯಿತು. ಇನ್ನೊಂದು ದೀಪಕ್ಕೆ ಬಟ್ಟೆಯ ಡಬ್ಬದಂಥದ್ದು ಬೇಕಿತ್ತು. ಅದರ ಬೆಲೆ ಕೇಳಿ ಮಗ ತಲೆ ಕೆರೆದುಕೊಂಡ.

"ಬಿಡೋ" ಎಂದೆ. "ಬಿಳಿ ಬಟ್ಟೆ ತಾನೇ? ನನ್ನ ಬೆಡ್‌ಶೀಟ್‌ಗಿಂತ ಬಿಳೀದು ಈ ಅಂಗಡೀಲಿ ಯಾವುದಿದೆ?"

"ಬಲ್ಬ್ ಎರಡೂ ಒಂದೇ ಕಂಪನಿದು ಕೊಡ್ತಿದ್ದೀನಿ" ಎಂದ ಅಂಗಡಿಯವನು. "ಬೇರೆ ಬೇರೆ ಹಾಕಿದ್ರೆ ಒಂದು ಹಳದಿ ಒಂದು ನೀಲಿ ಹೊಡೆಯುತ್ತೆ. ಆಮೇಲೆ ನನ್ನ ಹತ್ರ ಜಗಳಕ್ಕೆ ಬರಬಾರದು."

ಬಾರದಿದ್ದರೆ ಹೇಗೆ!

ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಾಯಿತು. ಸೊಸೆಯ ಬಟ್ಟೆಯ ಪೆಟ್ಟಿಗೆ ನಡುಮನೆಗೆ ಬಂತು, ಕನ್ನಡಿ ಅಡುಗೆಮನೆಯ ಮೊಳೆಗೆ ಬಂತು. ಮಗ ಕೋಣೆಯ ಎಡಕ್ಕೆ ಹಗ್ಗ ಕಟ್ಟಿ ನನ್ನ ಬೆಡ್‌ಶೀಟ್ ಇಳಿಬಿಟ್ಟ, ಅದರ ಹಿಂದೆ ಒಂದು ದೀಪ. ಬಲಕ್ಕೆ ಇನ್ನೊಂದು ದೀಪ, ಅದರ ಮುಂದೆ ಅಂಗಡಿಯ ಕೊಡೆ. ನಡುವೆ ಸ್ಟೂಲಿನ ಮೇಲೆ ಕೆಟಲ್. ಸ್ವಿಚ್ ಹಾಕಿದ.

ಸುಳ್ಳು ಯಾಕೆ ಹೇಳಲಿ, ಚಂದವೋ ಚಂದ. ನೆರಳಿಲ್ಲ, ಮೂಲೆಯಿಲ್ಲ, ಗೋಡೆ ಎಲ್ಲಿ ಮುಗಿಯಿತೋ ತಿಳಿಯುವುದಿಲ್ಲ. ಕೆಟಲ್ ಬೆಳಕಿನ ಮೇಲೆ ತೇಲುತ್ತಿತ್ತು. ಇವರೂ ಬಾಗಿಲಲ್ಲಿ ಬಂದು ನಿಂತು ಸುಮಾರು ಹೊತ್ತು ನೋಡಿದರು. ಆಮೇಲೆ ಮೀಟರ್ ನೆನಪಾಗಿ ಹೊರಗೆ ಓಡಿದರು.

"ತಿರುಗ್ತಿದೆ ಕಣೇ! ಬುಗುರಿ ತಿರುಗಿದ ಹಾಗೆ ತಿರುಗ್ತಿದೆ!"

ಸೊಸೆ ಮಾತ್ರ ಒಳಗೆ ಬರಲಿಲ್ಲ. ಹೊಸಿಲ ಮೇಲೆ ನಿಂತು, ಬಾಗಿಲ ಚಿಲಕವನ್ನು ಒಮ್ಮೆ ಮುಟ್ಟಿ, ಅಡುಗೆಮನೆಗೆ ಹೋದಳು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ದೀಪದ ಬಿಸಿಗೆ ಧೂಳು ಕೂರುತ್ತದೆಂದು ನಾನು ಆ ಬೆಡ್‌ಶೀಟನ್ನು ಆಗಾಗ ಇಳಿಸಿ ಒಗೆದು ಹಾಕುತ್ತಿದ್ದೆ. ಒಗೆಯುವುದೆಂದರೆ ಸುಮ್ಮನೆ ನೀರಲ್ಲಿ ಅದ್ದಿ ತೆಗೆಯುವುದಲ್ಲ. ಸೋಪು, ಕುದಿ, ಮೂರು ನೀರು, ಕೊನೆಯ ನೀರಿಗೆ ನೀಲಿ. ನೀಲಿ ಹಾಕದೆ ನಾನು ಯಾವ ಬಿಳಿ ಬಟ್ಟೆಯನ್ನೂ ಹಿಂಡಿದವಳಲ್ಲ. ಮಗನ ಹೊಸ ಕೆಲಸ ಬೇರೆ. ಕೈ ಸ್ವಲ್ಪ ಧಾರಾಳವೇ ಆಯಿತು.

ಆಮೇಲೆ ಮಗನ ಗೊಣಗಾಟ ಶುರುವಾಯಿತು.

"ಎಡಗಡೆ ನೀಲಿ ಹೊಡೀತಿದೆ."

ಕಂಪ್ಯೂಟರಿನಲ್ಲಿ ತೋರಿಸಿದ. ಕೆಟಲಿನ ಒಂದು ಮಗ್ಗುಲು ಮುಂಜಾವದ ಹಾಗೆ ತಿಳಿ ನೀಲಿ, ಇನ್ನೊಂದು ಮಗ್ಗುಲು ಇದ್ದ ಹಾಗೆ. ನೀಲಿಯನ್ನು ಸರಿ ಮಾಡಿದರೆ ಆ ಕಡೆ ಬೆಳ್ಳಗಾಗುತ್ತಿತ್ತು, ಆದರೆ ಈ ಕಡೆ ಹಳದಿಗೆ ತಿರುಗುತ್ತಿತ್ತು. ಹಳದಿ ತೆಗೆದರೆ ನೀಲಿ ವಾಪಸ್. ನನಗೆ ಎರಡೂ ಚಂದವೇ ಕಂಡವು, ಅದನ್ನೇ ಹೇಳಿದೆ.

"ಚಂದ ಅಲ್ಲಮ್ಮ, ಸ್ಟೀಲು ಸ್ಟೀಲಿನ ಹಾಗೆ ಕಾಣಬೇಕು!"

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ" ಎಂದರು ಇವರು ನಡುಮನೆಯಿಂದಲೇ. "ಕಣ್ಣು ಪರೀಕ್ಷೆ ಮಾಡಿಸ್ಕೋ."

ಮಗ ಬಲ್ಬುಗಳನ್ನು ಅದಲು ಬದಲು ಮಾಡಿದ. ಎಡದ್ದು ಬಲಕ್ಕೆ ಹೋಯಿತು, ನೀಲಿ ಮಾತ್ರ ಎಡದಲ್ಲೇ ಉಳಿಯಿತು. ಗೋಡೆಯ ಬಣ್ಣವಿರಬೇಕೆಂದು ಗೋಡೆಗೆ ಕಾಗದ ಅಂಟಿಸಿದ. ನೀಲಿ ಇನ್ನಷ್ಟು ಗಾಢವಾಯಿತು. ಎರಡೂ ದೀಪ ಹೊತ್ತುಕೊಂಡು ಲೈಟಂಗಡಿಗೆ ಹೋಗಿ ಜಗಳವಾಡಿದ. ಅಂಗಡಿಯವನು ಎರಡನ್ನೂ ಪಕ್ಕ ಪಕ್ಕದಲ್ಲಿ ಹಚ್ಚಿ, "ಎಲ್ಲಿದೆ ತೋರಿಸಿ ಸ್ವಾಮಿ ನೀಲಿ?" ಎಂದು ಕೇಳಿ ಕಳಿಸಿದನಂತೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಇವರು.

"ಅಪ್ಪ, ನೀವು ಸುಮ್ನಿರಿ."

"ಬಟ್ಟೆ ನೋಡಿದ್ಯೇನೋ?" ಎಂದು ನಾನೇ ಕೇಳಿದೆ.

"ನಿನ್ನ ಬೆಡ್‌ಶೀಟಾ? ಅಮ್ಮ, ಇಡೀ ಬೀದಿಗೇ ಗೊತ್ತು ನಿನ್ನ ಬಿಳಿ. ಅದೊಂದೇ ಈ ರೂಮಲ್ಲಿ ಸರಿಯಾಗಿರೋದು."

ನನಗೂ ಹೆಮ್ಮೆಯಾಯಿತು, ಅಂದೇ ಮತ್ತೊಮ್ಮೆ ಒಗೆದು ಹಾಕಿದೆ.

ಒಂದು ಸಂಜೆ ಮುಖದ ಮೇಲೆ ಬಣ್ಣ ಹೇಗೆ ಬೀಳುತ್ತದೆ ನೋಡೋಣವೆಂದು ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿದ. ಕೆಲಸದಿಂದ ಆಗಷ್ಟೇ ಬಂದಿದ್ದಳು, ಕೂದಲು ಕೆದರಿತ್ತು. ಫೋಟೋದಲ್ಲಿ ಅವಳ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಅರಿಶಿನ, ಕಣ್ಣು ಎಲ್ಲೋ ದೂರ. ನೀರಿನ ಕೆಳಗೆ ಎಚ್ಚರವಾಗಿ ಕೂತವಳ ಹಾಗಿದ್ದಳು. ಎಂಥ ರೂಪ ಇವಳದು, ಇಷ್ಟು ದಿನ ನಾನು ನೋಡೇ ಇರಲಿಲ್ಲವಲ್ಲ ಅನ್ನಿಸಿತು.

"ಅರ್ಧ ಒಂದು ಮನೇಲಿ, ಅರ್ಧ ಇನ್ನೊಂದು ಮನೇಲಿ ಇರೋಳ ಹಾಗಿದ್ದೀನಿ" ಎಂದಳು ನೋಡಿ. ಆಮೇಲೆ ತಲೆಯೆತ್ತಿ ಬೆಡ್‌ಶೀಟನ್ನು ನೋಡಿದಳು. ಅಲ್ಲಿಂದ ಅವಳ ಕಣ್ಣು ನನ್ನ ಉಗುರುಗಳಿಗೆ ಬಂತು. ನೀಲಿಯ ಕಲೆ ನನ್ನ ಉಗುರಿನ ಸಂದಿಯಿಂದ ಯಾವತ್ತೂ ಪೂರ್ತಿ ಹೋಗುವುದಿಲ್ಲ.

"ಏನೇ?" ಎಂದೆ.

"ಏನಿಲ್ಲ ಅತ್ತೆ" ಎಂದು ಎದ್ದು ಹೋದಳು.

ಕೋಣೆ ಹೋದ ಮೇಲೆ ಅವಳ ಪಾಡು ಹೇಳುತ್ತೇನೆ ಕೇಳಿ. ಬೆಳಗ್ಗೆ ಬಚ್ಚಲು ಇವರದು. ಒಳಗೆ ಹೋದರೆ ಪೇಪರಿನ ಕೊನೆಯ ಸಾಲು ಓದದೆ ಹೊರಗೆ ಬರುವ ಗಂಡಸಲ್ಲ. ಬಂದ ಮೇಲೂ ನೆಲವೆಲ್ಲ ನೀರು, ಅಲ್ಲಿ ನಿಂತು ಒಗೆದ ಬಟ್ಟೆ ಹಾಕಿಕೊಳ್ಳುವುದು ಹೇಗೆ? ಕೋಣೆಗೆ ಹೋದರೆ ದೀಪ, ಹಗ್ಗ ಅಲುಗುತ್ತವೆಂದು ಮಗನ ಗೊಣಗಾಟ. ಅದಕ್ಕೆ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಪಕ್ಕ, ನಾನು ಒಂದು ಬೆಡ್‌ಶೀಟ್ ಎತ್ತಿ ಹಿಡಿಯುತ್ತಿದ್ದೆ. ಅವಳು ಅದರ ಹಿಂದೆ ಬಟ್ಟೆ ಬದಲಾಯಿಸುತ್ತಿದ್ದಳು. ನನ್ನ ತೋಳು ನೋಯುತ್ತಿತ್ತು. "ಆಯ್ತಾ?" ಎಂದು ನಾನು, "ಆಯ್ತು ಅತ್ತೆ, ಒಂದೇ ನಿಮಿಷ" ಎಂದು ಅವಳು. ಅಷ್ಟರಲ್ಲಿ ಇವರು "ಚಹಾ ಆಯ್ತೇನೇ?" ಎನ್ನುತ್ತಾ ಬರುವರು, ನಾನು "ಬರಬೇಡ್ರೀ!" ಎಂದು ಕಿರುಚುವೆನು. ಕೆಟಲಿನ ಬೆಳಕು ಸರಿಮಾಡುತ್ತಿದ್ದ ಮಗನಿಗೆ ಇದು ಯಾವುದೂ ಗೊತ್ತಿಲ್ಲ. ಅವನು ಕೆಟಲನ್ನು ನೋಡುತ್ತಿದ್ದ, ನಾವು ಅವನ ಬೆನ್ನನ್ನು ನೋಡುತ್ತಿದ್ದೆವು.

ಇಷ್ಟಾದರೂ ಅವಳು ದೂರಲಿಲ್ಲ. ಒಂದೇ ಒಂದು ದಿನ ಊಟಕ್ಕೆ ಕೂತಾಗ ಮಾತು ಬಂತು. ಅವಳ ಬಾಚಣಿಗೆ ಕಾಣುತ್ತಿರಲಿಲ್ಲ. ಹುಡುಕಿದರೆ ಕೋಣೆಯಲ್ಲಿ ಬೆಡ್‌ಶೀಟ್ ಹಾರದಿರಲೆಂದು ಮಗ ಅದನ್ನೇ ಸಿಕ್ಕಿಸಿದ್ದ.

"ಒಂದು ಬಾಚಣಿಗೆಗೆ ಇಷ್ಟು ರಂಪ ಯಾಕೆ?" ಎಂದ.

"ಬಾಚಣಿಗೆಗಲ್ಲ. ನಿಮ್ಮ ಕೆಟಲಿಗೊಂದು ರೂಮಿದೆ, ನಂಗಿಲ್ಲ. ಅಷ್ಟೇ ಹೇಳಿದ್ದು."

"ಸ್ವಲ್ಪ ತಡ್ಕೊಳೋಕೆ ಆಗಲ್ವಾ? ನಾನೇನು ನನಗೋಸ್ಕರ ಮಾಡ್ತಿದ್ದೀನಾ?"

"ಆಲೂಗಡ್ಡೆ ಹಾಕ್ಲಾ?" ಎಂದಳು ಸೊಸೆ. ಬಡಿಸಿದಳು. ಅವನು ತಿಂದ.

ಅದೇ ವಾರ ಮಗ ಧೈರ್ಯ ಮಾಡಿ ಇದ್ದದ್ದರಲ್ಲಿ ಒಳ್ಳೆಯ ಫೋಟೋಗಳನ್ನು ಪಾತ್ರೆ ಅಂಗಡಿಗೆ ಒಯ್ದ. ಯಜಮಾನರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರಂತೆ.

"ಏನಪ್ಪಾ ಇದು, ನಮ್ಮ ಕೆಟಲಿಗೆ ಒಂದು ಕಡೆ ಚಳಿ, ಒಂದು ಕಡೆ ಜ್ವರ ಬಂದ ಹಾಗಿದೆ. ಇನ್ನೊಂದು ಸಲ ನೋಡು. ಆಗದಿದ್ರೆ ಬೇರೆಯವರಿಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

ಮಗ ಮನೆಗೆ ಬಂದು ಕೆಟಲಿನ ಎದುರು ಕೂತುಬಿಟ್ಟ. ಚಹಾ ಕೊಟ್ಟರೆ ತಣ್ಣಗಾಯಿತು. "ಟೈಲ್ಸ್ ಅಂಗಡಿಯವರು ಇನ್ನೂ ಕಾಯ್ತಿದ್ದಾರೆ" ಎಂದರು ಇವರು, ಈ ಸಲ ಗಾದೆಯಿಲ್ಲದೆ, ಮೆಲ್ಲಗೆ. ಅದು ನನಗೆ ಗಾದೆಗಿಂತ ಹೆಚ್ಚು ಚುಚ್ಚಿತು. ಎಷ್ಟಾದರೂ ಹೆತ್ತ ಹೊಟ್ಟೆ.

ಮರುದಿನ ಬೆಳಗ್ಗೆ ಅವನು ಕೊನೆಯ ಬಾರಿ ಎಂಬಂತೆ ಕೆಟಲ್ ಇಟ್ಟ. ಬಟ್ಟೆ ಅಲುಗಾಡುತ್ತದೆಂದು ಫ್ಯಾನ್ ಹಾಕುವ ಹಾಗಿಲ್ಲ, ದೀಪದ ಬಿಸಿಗೆ ಬೆವರು ಸುರಿಯುತ್ತಿತ್ತು. ಬಾಗಿಲನ್ನು ಪೂರ್ತಿ ತೆರೆದಿಟ್ಟು ಫೋಟೋ ತೆಗೆದ. ಆಮೇಲೆ ಕಂಪ್ಯೂಟರನ್ನು ನಡುಮನೆಗೆ ತಂದು, ಆ ನೀಲಿ ಎಲ್ಲಿಂದ ಹುಟ್ಟುತ್ತದೆ ನೋಡೇಬಿಡುತ್ತೇನೆಂದು ಕೆಟಲಿನ ಹೊಟ್ಟೆಯನ್ನು ದೊಡ್ಡದು ಮಾಡುತ್ತಾ ಹೋದ. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದೆ. ಅವತ್ತು ಸೊಸೆಗೆ ರಜೆ, ನೆಲ ಒರೆಸುತ್ತಿದ್ದಳು.

ಕೆಟಲಿನ ಹೊಟ್ಟೆಯೊಳಗೆ ನಮ್ಮ ಮನೆ ಇತ್ತು. ಬಾಗಿಬಾಗಿ, ಗೊಂಬೆಮನೆಯಷ್ಟು ಚಿಕ್ಕದಾಗಿ, ಬೆಳಕಲ್ಲಿ ನೆನೆದು. ಇಕ್ಕೆಲದಲ್ಲಿ ದೀಪ, ನಡುವೆ ಮಗನ ಕಪ್ಪು ಆಕಾರ, ಅವನ ಹೆಗಲಾಚೆ ತೆರೆದ ಬಾಗಿಲು, ಅದರಾಚೆ ನಡುಮನೆ, ಅದರಾಚೆ ಅಡುಗೆಮನೆ. ಅಲ್ಲೊಂದು ಬಿಳಿ ಚೌಕ. ಚೌಕದ ಮೇಲಂಚಿನಲ್ಲಿ ಎರಡು ಮುಷ್ಟಿ, ಕೆಳಗೆ ಎರಡು ಬರಿಗಾಲು.

"ಅಮ್ಮ, ಇದೇನಿದು?"

"ನನ್ನ ಕೈ."

"ಬೆಡ್‌ಶೀಟ್ ಯಾಕೆ ಹಿಡ್ಕೊಂಡು ನಿಂತಿದ್ದೀಯ?"

"ನಿನ್ನ ಹೆಂಡ್ತಿ ಬಟ್ಟೆ ಹಾಕ್ಕೊಳ್ತಿದ್ದಾಳೆ."

"ಅಡುಗೆಮನೇಲಾ?"

ನನಗೆ ರೇಗಿತು. "ಮತ್ತೆಲ್ಲಿ ಹಾಕ್ಕೋಬೇಕೋ? ಬೀದೀಲಾ? ದಿನಾ ಹಿಡೀತೀನಿ. ನಿನ್ನ ಬೆನ್ನ ಹಿಂದೇನೇ. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ನೆ ಅಂದ್ರಾ?"

ಮಗ ಕಂಪ್ಯೂಟರಿನ ಚಿತ್ರವನ್ನು ಇನ್ನೂ ದೊಡ್ಡದು ಮಾಡಿದ. ಆ ಎರಡು ಬರಿಗಾಲು ಒಂದರ ಮೇಲೊಂದು ಇದ್ದವು, ತಣ್ಣನೆಯ ನೆಲದ ಮೇಲೆ ನಿಂತವರು ಇಡುವ ಹಾಗೆ. ಆಮೇಲೆ ಗಂಡಸರು ಮಾಡುವಂತೆ ಬೇರೆ ಮಾತು ಹಿಡಿದುಕೊಂಡ.

"ಈ ಬೆಡ್‌ಶೀಟೂ ನೀಲಿಯಾಗೇ ಇದೆ."

"ಇರದೆ ಏನು?" ಎಂದಳು ಸೊಸೆ, ನೆಲ ಒರೆಸುತ್ತಲೇ. "ಅತ್ತೆ ನೀಲಿ ಹಾಕ್ತಾರೆ. ನಮ್ಮ ಕಣ್ಣಿಗೆ ಬಿಳಿ. ಕ್ಯಾಮೆರಾಗೆ ನೀಲಿ ನೀಲೀನೇ. ಕೊಡೆಗೆ ಯಾರೂ ನೀಲಿ ಹಾಕಿಲ್ಲ. ಅದಕ್ಕೇ ಒಂದು ಕಡೆ ಹೀಗೆ, ಒಂದು ಕಡೆ ಹಾಗೆ."

ಅಕ್ಕಿ ಮೊರ ನನ್ನ ಕೈಯಲ್ಲೇ ನಿಂತಿತು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದ ಮಗ.

"ನನ್ನ ಕೂರಿಸಿ ಫೋಟೋ ತೆಗೆದ್ರಲ್ಲ, ಅವತ್ತೇ."

"ಅವತ್ತೇ! ಮತ್ತೆ ಹೇಳಬಾರದಿತ್ತಾ? ನಾನು ಹುಚ್ಚನ ಹಾಗೆ ಅದೇ ನೀಲಿ ಫೋಟೋ ಹಿಡ್ಕೊಂಡು ಯಜಮಾನರ ಮುಂದೆ ನಿಂತಿದ್ದೆ!"

"ಹೇಳಿದ್ರೆ ನೀವು ಗೆಲ್ತಿದ್ರಿ. ಗೆದ್ರೆ ಇನ್ನೂ ದೀಪ ಬರ್ತಿತ್ತು, ಪಾತ್ರೆ ಬರ್ತಿತ್ತು. ಬೇರೆ ಜಾಗ ಯಾವ ಕಾಲಕ್ಕೋ. ಸೋತ್ರೆ ರೂಮು ನಿಂದೇ ಅಂತ ನೀವೇ ಹೇಳಿದ್ರಿ."

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ; ಇವಳು ಬಾಯಿ ಬಿಡದೆ ಇಡೀ ಮನೆಯ ಬಣ್ಣ ಕೆಡಿಸಿದಳಲ್ಲ ಎಂದು ನನಗೆ ಉರಿದುಹೋಯಿತು.

"ಎಷ್ಟು ಗಟ್ಟಿ ಗುಂಡಿಗೆಯೇ ನಿಂದು! ಗಂಡ ಹಾಳಾಗೋದನ್ನ ನೋಡ್ಕೊಂಡು ಸುಮ್ನಿದ್ಯಾ?"

"ಹೌದತ್ತೆ, ಸುಮ್ನಿದ್ದೆ. ರೂಮ್ ಬಿಡು ಅಂದಾಗಲೂ ಸುಮ್ನೇ ಇದ್ದೆ. ಆಗ ಯಾರೂ ಗಟ್ಟಿ ಗುಂಡಿಗೆ ಅನ್ನಲಿಲ್ಲ, ಒಳ್ಳೇ ಹುಡುಗಿ ಅಂದ್ರಿ."

ಒರೆಸುವ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಂಡಿದಳು. ಕಣ್ಣಲ್ಲಿ ನೀರು ತುಂಬಿ ಟಪಟಪ ಬಕೆಟ್ಟಿಗೇ ಬಿತ್ತು. ಗಲಾಟೆ ಕೇಳಿ ಇವರು ಪೇಪರ್ ಸಮೇತ ಹಿತ್ತಲಿಂದ ಬಂದರು.

"ಏನಾಯ್ತಮ್ಮಾ? ಯಾಕೆ ಅಳ್ತಿದ್ದೀಯ?"

ಸೊಸೆ ನನ್ನ ಮುಖ ನೋಡಿದಳು. ಆ ಅಳುವಿನಲ್ಲೂ ಅವಳಿಗೆ ನಗು ಬಂತು.

"ನೋಡಿದ್ರಾ ಅತ್ತೆ? ಕೇಳೇಬಿಟ್ರು."

ನನ್ನ ಕೋಪ ಎಲ್ಲಿ ಹೋಯಿತೋ! ಬಟಾಣಿ ಸುಲಿಯುತ್ತಾ ಅವಳು ಹೇಳಿದ್ದು ನೆನಪಾಯಿತು. ಮೊರ ಕೆಳಗಿಟ್ಟು ಕೋಣೆಗೆ ಹೋದೆ, ಕೊಡೆಯ ದೀಪವನ್ನು ಸ್ಟ್ಯಾಂಡ್ ಸಮೇತ ಎಳೆದುಕೊಂಡು ಹೊರಗೆ ಬಂದೆ. ಸ್ಟ್ಯಾಂಡಿನ ಕಾಲು ಹೊಸಿಲಿಗೆ ಸಿಕ್ಕಿಕೊಂಡಿತು.

"ನೋಡ್ತಾ ಕೂತಿದ್ದೀಯಲ್ಲೋ, ಹಿಡಿಯೋ!"

ಮಗ ಎದ್ದು ಬಂದ. ಇನ್ನೊಂದು ದೀಪ ತಂದ, ಹಗ್ಗ ಬಿಚ್ಚಿದ, ಕೆಟಲ್ ತಂದು ಅಪ್ಪ ಕೂರುವ ಕುರ್ಚಿಯ ಮೇಲಿಟ್ಟ. ಗೋಡೆಗೆ ಒರಗಿಸಿದ್ದ ಮಂಚವನ್ನು ಅಪ್ಪ ಮಗ ಸೇರಿ ಇಳಿಸಿದರು. ಪೆಟ್ಟಿಗೆ ಒಳಗೆ ಹೋಯಿತು, ಕನ್ನಡಿ ಹೋಯಿತು, ಬಾಚಣಿಗೆಯನ್ನು ಅವನೇ ತನ್ನ ಅಂಗಿಗೆ ಒರೆಸಿ ಕನ್ನಡಿಯ ಮುಂದಿಟ್ಟ.

"ಹೋಗು" ಎಂದ ಹೆಂಡತಿಗೆ. ಇನ್ನೇನೋ ಹೇಳಹೊರಟ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಟಕ್.

ನಾವು ಮೂವರೂ ನಡುಮನೆಯಲ್ಲಿ ದೀಪ, ಹಗ್ಗ, ಕೊಡೆ ಹಿಡಿದುಕೊಂಡು ನಿಂತೇ ಇದ್ದೆವು.

"ಹಗಲುಹೊತ್ತಲ್ಲಿ ಯಾಕೆ ಚಿಲಕ..." ಎಂದು ಇವರು ಶುರು ಮಾಡಿದರು.

"ಕೇಳಬೇಡಿ" ಎಂದೆ. "ಈ ಮನೇಲಿ ಇನ್ಮೇಲೆ ಅದೊಂದನ್ನ ಯಾರೂ ಕೇಳಬೇಡಿ."

ಮಧ್ಯಾಹ್ನ ಅನ್ನ ಬೆಂದು ತಣ್ಣಗಾದರೂ ನಾನು ಬಾಗಿಲು ತಟ್ಟಲಿಲ್ಲ. ಮಗ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದ. ಆಮೇಲೆ ಕೈ ಸುಮ್ಮನಿರದೆ ನಡುಮನೆಯ ಕಿಟಕಿ ಮುಚ್ಚಿ ಒಂದೇ ದೀಪ ಹಚ್ಚಿದ. ಕೊಡೆಯನ್ನು ಮಡಚಿ ಮೂಲೆಗಿಟ್ಟ. ದೀಪದ ಮುಂದೆ ನನ್ನದೊಂದು ಬೆಡ್‌ಶೀಟ್. ಎದುರುಗಡೆ ದೀಪವೇ ಇಲ್ಲದೆ ನನ್ನದೇ ಇನ್ನೊಂದು ಬೆಡ್‌ಶೀಟ್, ಬಂದ ಬೆಳಕನ್ನು ಹಿಂದಕ್ಕೆ ಕಳಿಸಲು.

"ಎರಡೂ ಕಡೆ ನಿನ್ನ ನೀಲೀನೇ ಇರಲಿ ಅಮ್ಮ" ಎಂದ. "ಎಲ್ಲಾ ಒಂದೇ ಬಣ್ಣ ಆದ್ರೆ ಇದೇ ಬಿಳಿ ಅಂತ ಕ್ಯಾಮೆರಾಗೆ ಹೇಳಿಬಿಡಬಹುದು. ಅದು ನಂಬುತ್ತೆ."

"ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದರು ಇವರು, ಗಾದೆ ಮರಳಿ ಬಂದ ಖುಷಿಯಲ್ಲಿ.

"ನೀವು ಅಲ್ಲಾಡಬೇಡಿ ಅಪ್ಪ, ಕೆಟಲಲ್ಲಿ ಕಾಣ್ತೀರಿ."

ಅವತ್ತಿನಿಂದ ಮಗ "ಸ್ಟಾಪ್" ಎಂದರೆ ನಾವು ಇದ್ದಲ್ಲೇ ಕೂರುತ್ತೇವೆ. ನಾನು ಚಾಕು ಹಿಡಿದ ಕೈಯನ್ನು ಹಾಗೇ ಇಟ್ಟು, ಇವರು ಪೇಪರನ್ನು ಅರ್ಧ ತಿರುವಿ. ಮುಚ್ಚಿದ ಕಿಟಕಿ, ಎರಡು ಬಿಳಿ ಬಟ್ಟೆಗಳ ನಡುವೆ ನಿಂತ ಬೆಳಕು, ಯಾರೂ ಉಸಿರೆತ್ತುವುದಿಲ್ಲ. ಆಸ್ಪತ್ರೆಯ ತಾರಸಿಯೇ ಇಳಿದು ನಮ್ಮ ನಡುಮನೆಗೆ ಬಂದ ಹಾಗೆ ಆಗುತ್ತದೆ. ಕ್ಲಿಕ್ ಎಂದ ಮೇಲೆ ದೀಪ ಮಡಚಿ ಬಾಗಿಲ ಹಿಂದಕ್ಕೆ, ಬೆಡ್‌ಶೀಟ್ ಹಾಸಿಗೆಗೆ, ಈರುಳ್ಳಿ ಬಾಣಲೆಗೆ. ಎರಡನೇ ದೀಪವನ್ನು ಮಗ ಮಾರಿಬಿಟ್ಟ.

ಸೊಸೆಯೂ ಅವನೂ ಸುಮಾರು ದಿನ ಅಗತ್ಯವಿದ್ದಷ್ಟೇ ಮಾತಾಡಿದರು. ಆಮೇಲೊಂದು ಬೆಳಗ್ಗೆ ಕೋಣೆಯೊಳಗಿನಿಂದ, ಚಿಲಕ ಹಾಕಿದ ಬಾಗಿಲ ಹಿಂದಿನಿಂದ, ಇಬ್ಬರೂ ನಗುವುದು ಕೇಳಿಸಿತು. ನಾನು ಬೇಕೆಂದೇ ಪಾತ್ರೆ ಜೋರಾಗಿ ತೊಳೆದೆ.

ಹೊಸ ಫೋಟೋ ನೋಡಲು ಪಾತ್ರೆ ಅಂಗಡಿ ಯಜಮಾನರು ತಾವೇ ಮನೆಗೆ ಬಂದರು. ಕನ್ನಡಕ ಏರಿಸಿ ನೋಡಿದರು. ಇಳಿಸಲಿಲ್ಲ.

"ಇದಪ್ಪಾ ನಮ್ಮ ಕೆಟಲ್! ಜ್ವರ ಬಿಟ್ಟಿದೆ. ನಾಳೆಯಿಂದ ಸಾಮಾನು ಕಳಿಸ್ತೀನಿ." ಆಮೇಲೆ ಬೆರಳಿಟ್ಟು ತೋರಿಸಿದರು. "ಇದೊಂದು ಏನು, ಹೊಟ್ಟೆಯ ನಡುವೆ, ಕಂದು ಬಣ್ಣದ ಪಟ್ಟಿ?"

ನಾನೂ ಬಗ್ಗಿ ನೋಡಿದೆ. ಎರಡು ಬಿಳಿಗಳ ನಡುವೆ, ಮಗನ ಬೆನ್ನ ಹಿಂದೆ, ಬೆರಳುಗುರಿನಷ್ಟು ಚಿಕ್ಕದಾಗಿ ಕೋಣೆಯ ಬಾಗಿಲು. ಮುಚ್ಚಿತ್ತು.

"ಅಳಿಸಿಬಿಡು ಅದನ್ನ" ಎಂದರು ಯಜಮಾನರು. "ಕಂಪ್ಯೂಟರಲ್ಲಿ ಆಗುತ್ತಂತಲ್ಲ?"

"ಆಗುತ್ತೆ" ಎಂದ ಮಗ. "ಆದ್ರೆ ಅಳಿಸಲ್ಲ. ಒಳಗೆ ನನ್ನ ಹೆಂಡ್ತಿ ಇದ್ದಾಳೆ."